ಕೂದಲೆಣ್ಣೆ ಮಾರಿದ ದನಿ

ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಆದರೂ ತಮ್ಮ ತಲೆಯಲ್ಲಿ ಹೊಸ ಕೂದಲು ಹುಟ್ಟಿತೆಂದು ಹೇಳುವುದನ್ನು ಇನ್ನೂ ನಿಲ್ಲಿಸಿಲ್ಲ.

ಮೊನ್ನೆ ಚೆನ್ನೈಯಲ್ಲಿ ತಾಂಬರಂ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಕೂತಿದ್ದೆ. ಎದುರು ಸೀಟಿನ ಹೆಂಗಸು ಬೋಗಿಗೆಲ್ಲ ಕೇಳುವ ಹಾಗೆ ಫೋನು ಹಚ್ಚಿಕೊಂಡಿದ್ದರು. ಹೀಗೆ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಏನಾದರೂ ಅಂದೇಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಫೋನಿನೊಳಗಿಂದ, ತೀರಿಕೊಂಡ ಅವರೇ ಮಾತಾಡಿದರು. "ನಾನು ದಾವಣಗೆರೆಯ ನಿವೃತ್ತ ಮೇಷ್ಟ್ರು. ಹತ್ತು ವರ್ಷ ಟೋಪಿ ಇಲ್ಲದೆ ಮನೆಯಿಂದ ಹೊರಗೆ ಬಂದವನಲ್ಲ. ನನ್ನ ಮಾತು ನಂಬಿ." ತೆರೆದ ಬಾಯಿ ಹಾಗೇ ಮುಚ್ಚಿಕೊಂಡೆ. ಆ ಹೆಂಗಸು ಅವರನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ಯಾವುದೋ ಅಡುಗೆಯ ವಿಡಿಯೋಗೆ ಹೋದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅವತ್ತು ಶುಕ್ರವಾರ. ನಾನು ಹೊರಟಿದ್ದು ಪಲ್ಲಾವರಂನಲ್ಲಿರುವ ಅವರ ಅಕ್ಕನ ಮನೆಗೇ.

ಅವರು ದಾವಣಗೆರೆಯನ್ನು ಕಣ್ಣಾರೆ ಕಂಡವರಲ್ಲ. ಮೇಷ್ಟರೂ ಅಲ್ಲ. ಕುಂದಾಪುರದ ಕಡೆಯಿಂದ ಬಂದು ತ್ರಿಪ್ಲಿಕೇನಿನ ಹೋಟೆಲೊಂದರಲ್ಲಿ ಅಡುಗೆಗೆ ನಿಂತವರ ಮಗ. ಹುಟ್ಟಿದ್ದು, ಬೆಳೆದದ್ದು, ಹೋದದ್ದು ಎಲ್ಲ ಅದೇ ಬೀದಿಗಳಲ್ಲಿ. ದನಿ ಕೊಡುವುದು ಅವರ ಕಸುಬು. ಮೊದಮೊದಲು ಕನ್ನಡಕ್ಕೆ ಇಳಿಯುವ ತಮಿಳು ಚಿತ್ರಗಳಲ್ಲಿ ಪೇದೆಗೋ ಪೂಜಾರಿಗೋ ಗುಂಪಿನ ಗದ್ದಲಕ್ಕೋ ದನಿ ಕೊಡುತ್ತಿದ್ದರಂತೆ. ನಾನು ಕಂಡಾಗ ಜಾಹೀರಾತಿಗೆ ಬಂದಿದ್ದರು. ಮಧ್ಯಾಹ್ನದ ಹೊತ್ತು ಟಿವಿಯಲ್ಲಿ, ಈಗೀಗ ಫೋನಿನಲ್ಲಿ, ಎಳೆದೂ ಎಳೆದೂ ಬರುತ್ತವಲ್ಲ, ಮೊಣಕಾಲಿನ ತೈಲ, ಮಧುಮೇಹದ ಪುಡಿ, ಕೂದಲಿನ ಎಣ್ಣೆ, ಅವುಗಳ ಕನ್ನಡದ ದನಿ ಬಹುಪಾಲು ಅವರದೇ.

ನಾನು ವಿಮಾ ಕಚೇರಿಯ ಕೆಲಸಕ್ಕೆಂದು ಹಾಸನದಿಂದ ಬಂದವನು. ತ್ರಿಪ್ಲಿಕೇನಿನಲ್ಲಿ ಒಂಟಿ ಗಂಡಸರು ಇರುವ ಲಾಡ್ಜಿಗೆ ಮ್ಯಾನ್ಷನ್ ಎನ್ನುತ್ತಾರೆ. ಹೆಸರು ಕೇಳಿ ಹಿಗ್ಗಿದ್ದ ನಾನು ರೂಮು ನೋಡಿ ಕುಗ್ಗಿಹೋದೆ. ಮಂಚ, ಕಿಟಕಿ, ಗೋಡೆಗೊಂದು ಮೊಳೆ. ಎದುರು ರೂಮಿನಲ್ಲಿ ಅವರು. ಅಂಥದೇ ಮೊಳೆಗೆ ಅಂಗಿ ನೇತುಹಾಕಿಯೇ ಅರ್ಧ ಆಯುಷ್ಯ ಕಳೆದಿದ್ದರು.

ಅವರ ರೂಮಿನ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು, ಮಾತು ಮಾತ್ರ ಇರುತ್ತಿರಲಿಲ್ಲ. ರೆಕಾರ್ಡಿಂಗ್ ಇರುವ ದಿನ ಅವರು ಮಧ್ಯಾಹ್ನದವರೆಗೆ ಬಾಯಿ ಬಿಡುತ್ತಿರಲಿಲ್ಲ. ಗಂಟಲನ್ನು ಎತ್ತಿಡಬೇಕು ಎನ್ನುವರು. ಮೆಸ್ಸಿನಲ್ಲಿ ಬೆರಳು ತೋರಿಸಿಯೇ ಇಡ್ಲಿ ತರಿಸಿಕೊಳ್ಳುತ್ತಿದ್ದರು. ಮೊಸರು ಮುಟ್ಟರು, ತಣ್ಣೀರು ಕುಡಿಯರು, ಕರಿಮೆಣಸು ಕುಟ್ಟಿ ಹಾಕಿದ ಬಿಸಿನೀರು ಸದಾ ಜೊತೆಯಲ್ಲಿ. ವಡಪಳನಿ ಕಡೆಯ ಸ್ಟುಡಿಯೋದಿಂದ ಸಂಜೆ ವಾಪಸಾಗುವಾಗ ಆಡಬೇಕಾದ ಮಾತೆಲ್ಲ ಅಲ್ಲೇ ಖರ್ಚಾಗಿರುತ್ತಿತ್ತು. ಹೀಗಾಗಿ ಬೆಳಿಗ್ಗೆ ಮಾತಿಲ್ಲ, ಸಂಜೆಯೂ ಇಲ್ಲ. ಒಮ್ಮೆ ಅವರಿಗೆ ವಾಟ್ಸಾಪಿನಲ್ಲಿ ದನಿಯಲ್ಲೇ ಸಂದೇಶ ಕಳಿಸಿದ್ದೆ. ಉತ್ತರವಾಗಿ ಬಂದದ್ದು ಹೆಬ್ಬೆರಳಿನ ಚಿತ್ರ. ದನಿಯಲ್ಲಿ ಯಾಕೆ ಉತ್ತರಿಸುವುದಿಲ್ಲ ಎಂದು ಕೇಳಿದೆ. ಗಂಟಲನ್ನು ಬಾಡಿಗೆಗೆ ಕೊಟ್ಟಾಗಿದೆ, ಪುಕ್ಕಟೆ ಬಳಸಿದರೆ ಬಾಡಿಗೆಯವರು ಬಯ್ಯುತ್ತಾರೆ ಎಂದು ನಕ್ಕರು. ಆಗ ನಾನೂ ನಕ್ಕಿದ್ದೆ.

ಇನ್ನು ಅವರ ತಲೆಯ ವಿಷಯ. ಅರವತ್ತರ ಹತ್ತಿರ ಬಂದರೂ ಅಂಥ ಕೂದಲು ನಾನು ಬೇರೆ ಯಾರಲ್ಲೂ ನೋಡಿಲ್ಲ. ದಟ್ಟ, ಒರಟು, ಬಾಚಣಿಗೆಯನ್ನೇ ಮುರಿಯುವಂಥದು. ಹಿಂದಲೆಯಲ್ಲಿ ಅಕ್ಕಪಕ್ಕ ಎರಡು ಸುಳಿ. ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂದು ನಮ್ಮ ಕಡೆ ಹೇಳುವುದುಂಟು. ಅವರಿಗೆ ಒಂದೂ ಆಗಿರಲಿಲ್ಲ. ಯಾಕೆ ಎಂದು ಕೇಳಿದರೆ ಯಾವ ದನಿಯಲ್ಲಿ ಹೂಂ ಅನ್ನುವುದೆಂದು ಯೋಚಿಸುವಷ್ಟರಲ್ಲಿ ಹೆಣ್ಣಿನವರು ಎದ್ದುಹೋದರು ಎಂದು ತಮಾಷೆ ಮಾಡಿದರು. ಅದು ಪೂರ್ತಿ ತಮಾಷೆಯಾಗಿರಲಿಲ್ಲ ಎಂದು ಈಗ ಅನಿಸುತ್ತದೆ.

ನನಗೋ ಆಗ ಮೂವತ್ತು ತುಂಬಿರಲಿಲ್ಲ. ಹಣೆ ದಿನೇ ದಿನೇ ನೆತ್ತಿಯ ಕಡೆಗೆ ಹೊರಟಿತ್ತು. ಮನೆಯಲ್ಲಿ ಹೆಣ್ಣು ನೋಡುತ್ತಿದ್ದರು, ಹೆಣ್ಣಿನವರು ನನ್ನ ಫೋಟೋ ನೋಡಿ ಸುಮ್ಮನಾಗುತ್ತಿದ್ದರು. ಹಾಗಾಗಿ ಎದುರು ರೂಮಿನವರೊಡನೆ ನಾನು ಆಡಿದ ಮೊದಲ ಮಾತೇ ತಲೆಗೆ ಏನು ಹಚ್ಚುತ್ತೀರಿ ಎಂಬುದಾಗಿತ್ತು. ಕೊಬ್ಬರಿ ಎಣ್ಣೆ ಎಂದರು. ನಾನು ನಂಬಲಿಲ್ಲ. ಗುಟ್ಟು ಬಿಟ್ಟುಕೊಡುತ್ತಿಲ್ಲ ಅಂದುಕೊಂಡೆ.

ಅದೇ ಸುಮಾರಿಗೆ ಫೋನಿನಲ್ಲಿ ಒಂದು ಜಾಹೀರಾತು ಕಂಡು ನನ್ನ ನಂಬರು ಕೊಟ್ಟಿದ್ದೆ. ಮಾರನೆಯ ದಿನವೇ ಇಂಪಾದ ಕನ್ನಡದಲ್ಲಿ ಒಬ್ಬಾಕೆ ಫೋನು ಮಾಡಿದಳು. ತಾನು ಕೂದಲಿನ ಸಲಹೆಗಾರ್ತಿ, ತಲೆಯ ಫೋಟೋ ಕಳಿಸಿ ಎಂದಳು. ಕಳಿಸಿದೆ. ಅವಳು ಮತ್ತೆ ಫೋನು ಮಾಡಿದಾಗ ಮೆಸ್ಸಿನಲ್ಲಿ ಅವರ ಎದುರಿಗೇ ಕೂತಿದ್ದೆ. ಸ್ಪೀಕರಿಗೆ ಹಾಕಿ ಎಂದು ಸನ್ನೆ ಮಾಡಿದರು. ಅವತ್ತು ಮೌನದ ದಿನ. ಅವಳು ಮಾತು ಶುರುಮಾಡುವುದಕ್ಕೂ ಅವರ ತುಟಿ ಅಲ್ಲಾಡುವುದಕ್ಕೂ ಸರಿಹೋಯಿತು. ಅವಳು ಆಡಲಿರುವ ವಾಕ್ಯವನ್ನು ಇವರು ಒಂದು ಗಳಿಗೆ ಮೊದಲೇ ಸದ್ದಿಲ್ಲದೆ ಆಡಿ ತೋರಿಸುತ್ತಿದ್ದರು. ನಿಮ್ಮ ಬೇರು ಇನ್ನೂ ಸತ್ತಿಲ್ಲ ಸಾರ್. ಆದರೆ ಈ ತಿಂಗಳು ಬಿಟ್ಟರೆ ರಂಧ್ರ ಮುಚ್ಚಿಹೋಗುತ್ತದೆ. ಮೊದಲ ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು, ಹೆದರಬೇಡಿ, ಹೊಸದು ಹಳೆಯದನ್ನು ತಳ್ಳುವುದು ಹಾಗೆಯೇ. ಒಂದು ಮಾತೂ ಆಚೀಚೆ ಆಗಲಿಲ್ಲ. ನಾನು ಸಾಂಬಾರಿನಲ್ಲಿ ಕೈಯಿಟ್ಟು ಬೆಪ್ಪಾಗಿ ನೋಡುತ್ತಿದ್ದೆ.

ಮಧ್ಯಾಹ್ನದ ಮೇಲೆ ಬಾಯಿ ಬಿಟ್ಟರು. ಹೋದ ವರ್ಷ ಬೇರೊಂದು ಎಣ್ಣೆಗೆ ತಾವೇ ಹೇಳಿದ ಸಾಲುಗಳಂತೆ ಅವು. ಎಣ್ಣೆ ಬದಲಾಗುತ್ತದೆ, ಸಾಲು ಬದಲಾಗುವುದಿಲ್ಲ. ಹೆಚ್ಚು ಉದುರಿದರೂ ಗಿರಾಕಿ ದೂರು ಕೊಡಬಾರದಲ್ಲ, ಅದಕ್ಕೇ ಮೊದಲೇ ಆ ಮಾತು ಹೇಳಿಡುವುದು. ತಿಂಗಳಾದ ಮೇಲೂ ಏನೂ ಆಗದಿದ್ದರೆ ನಿಮ್ಮ ಮೈಗೆ ಉಷ್ಣ ಹೆಚ್ಚು, ಎರಡನೆಯ ಕೋರ್ಸು ಬೇಕು ಎನ್ನುತ್ತಾರೆ. ಅಲ್ಲಿಗೂ ತಪ್ಪು ಎಣ್ಣೆಯದಲ್ಲ, ನಿಮ್ಮ ಮೈಯದು. ಇವತ್ತು ಮಾತ್ರ ರಿಯಾಯಿತಿ ಎಂದು ಓಡುತ್ತಿದ್ದ ಗಡಿಯಾರವನ್ನು ನನ್ನ ಫೋನಿನಲ್ಲೇ ಮುಚ್ಚಿ ತೆರೆಸಿದರು. ಅದು ಮತ್ತೆ ಮೊದಲಿನಿಂದ ಓಡತೊಡಗಿತು. ಆ ಜಾಹೀರಾತಿನಲ್ಲಿ ಬರುವ ಕಾಡಿನ ಅಜ್ಜ, ಬಿಳಿ ಕೋಟಿನ ವೈದ್ಯ, ಗುಣವಾದ ಗಿರಾಕಿ, ಮೂವರಿಗೂ ದನಿ ಇವರದೇ. "ಮೂವರೂ ಒಬ್ಬರನ್ನೊಬ್ಬರು ಹೊಗಳುದು ಮಾರಾಯ್ರೇ, ಗಂಟಲು ಒಂದೇ" ಎಂದರು. ಆ ವೈದ್ಯನಿಗೆ ಊರೂ ಇಲ್ಲ, ಹೆಸರೂ ಇಲ್ಲ, ನೋಡಿದ್ದೀರಾ ಎಂದು ಕೇಳಿದರು. ನಾನು ನೋಡಿರಲಿಲ್ಲ. ನನ್ನ ಕಣ್ಣೆಲ್ಲ ಬಲಗಡೆಯ ಫೋಟೋದ ಮೇಲಿತ್ತು.

ಆ ಫೋಟೋದ ಕತೆಯನ್ನು ಹೇಳುವಾಗ ಮಾತ್ರ ಅವರ ನಗು ಸ್ವಲ್ಪ ಸೊಟ್ಟಗಾಯಿತು. ಎಡಗಡೆ 'ಮೊದಲು', ಬಲಗಡೆ 'ನಂತರ'. ಎರಡೂ ಹಿಂದಲೆಯ ಚಿತ್ರಗಳು, ಮುಖವಿಲ್ಲ. ಎಡಗಡೆಯದು ಸ್ಟುಡಿಯೋದ ಡ್ರೈವರನ ತಲೆ. ನೀರು ಚಿಮುಕಿಸಿ, ನೆತ್ತಿಯ ಮೇಲೆಯೇ ದೀಪ ಬಿಟ್ಟು ತೆಗೆದದ್ದು. ಬಲಗಡೆಯದು ಇವರದೇ. ರೆಕಾರ್ಡಿಂಗ್ ಮುಗಿಸಿ ಹೊರಡುವಾಗ ಯಾರೋ ಇವರ ತಲೆ ನೋಡಿ, ಸಾರ್ ಒಂದು ನಿಮಿಷ ಆ ಕಡೆ ತಿರುಗಿ ಅಂದರಂತೆ. ಇವರು ತಿರುಗಿದರಂತೆ. "ಸರೀ ನೋಡಿ. ಮೊದಲಿನ ತಲೆಯಲ್ಲಿ ಒಂದು ಸುಳಿ, ನಂತರದ ತಲೆಯಲ್ಲಿ ಎರಡು. ಎಣ್ಣೆ ಹಚ್ಚಿದ್ರೆ ಸುಳಿ ಸಹ ಹುಟ್ತದಾ?" ಎಂದು ಕೇಳಿದರು. ಅವತ್ತು ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಾನು ಎಣ್ಣೆ ತರಿಸಲಿಲ್ಲ. ತಲೆ ಬೋಳಾಯಿತು, ಮದುವೆಯೂ ಆಯಿತು. ಎರಡಕ್ಕೂ ನಾನು ಯಾರನ್ನೂ ದೂರುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಆ ಕೆಲಸ ಯಾಕೆ ಮಾಡುತ್ತೀರಿ ಎಂದು ಒಂದು ಸಲ ಕೇಳಿಯೇಬಿಟ್ಟೆ. ಬೇರೆ ಯಾರೂ ತನ್ನ ಕನ್ನಡವನ್ನು ಕರೆಯುವುದಿಲ್ಲ ಎಂದರು. ತಮಿಳಿನಲ್ಲಿ ಮಾತಾಡಿದರೆ ಕನ್ನಡದವನೆನ್ನುತ್ತಾರೆ, ಊರಿಗೆ ಹೋದರೆ ಮದ್ರಾಸಿನವನೆನ್ನುತ್ತಾರೆ. ಸ್ಟುಡಿಯೋದ ಆ ಗಾಜಿನ ಪೆಟ್ಟಿಗೆಯೊಳಗೆ ನಿಂತಾಗ ಮಾತ್ರ ದಾವಣಗೆರೆಯೂ ತನ್ನದು, ಮಂಗಳೂರೂ ತನ್ನದು, ಮೈಸೂರೂ ತನ್ನದು. ಆಮೇಲೆ ಆ ಮಾತನ್ನು ಯಾರು ಕೇಳುತ್ತಾರೋ ತನಗೆ ಗೊತ್ತಿಲ್ಲ ಎಂದರು.

ಆದರೆ ಅವರ ಮಾತನ್ನು ಕೇಳುವವರು ಒಬ್ಬರಿದ್ದರು. ಅಕ್ಕ.

ಅಕ್ಕ ಅವರಿಗಿಂತ ಏಳೆಂಟು ವರ್ಷ ದೊಡ್ಡವರು. ತಾಯಿ ಬೇಗ ಹೋಗಿದ್ದರಿಂದ ತಮ್ಮನಿಗೆ ಎಣ್ಣೆ ಹಚ್ಚಿ ತಲೆ ಮೀಯಿಸಿ ಬೆಳೆಸಿದವರು. ಭಾವ ಪಲ್ಲಾವರಂ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಹೋಟೆಲು ನಡೆಸುತ್ತಾರೆ. ಬೆಳಕು ಹರಿಯುವ ಮೊದಲು ಹೋದರೆ ಎಲ್ಲರೂ ಮಲಗುವ ಹೊತ್ತಿಗೆ ಬರುವುದು. ಮಗಳು ಕೆಲಸಕ್ಕೆ ಹೋಗುತ್ತಾಳೆ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಹಗಲೆಲ್ಲ ಆ ಮನೆಯಲ್ಲಿ ಕನ್ನಡ ಆಡುವುದು ಟಿವಿ ಒಂದೇ. ಶುಕ್ರವಾರ ಅಲ್ಲಿ ಸಂತೆ. ಶುಕ್ರವಾರವೇ ಇವರ ಭೇಟಿ. ಹೋಗುವ ಮೊದಲು ತ್ರಿಪ್ಲಿಕೇನಿನ ದೇವಸ್ಥಾನದ ಬೀದಿಯಲ್ಲಿ ಅಕ್ಕನಿಗೆಂದು ಒಂದು ಮೊಳ ಮಲ್ಲಿಗೆ ಕೊಳ್ಳುತ್ತಿದ್ದರು. ಆಕೆ ಅದನ್ನು ಬಾಗಿಲಲ್ಲೇ ಮುಡಿದುಕೊಂಡು ಒಳಗೆ ಹೋಗುತ್ತಿದ್ದರು. ನೀರುದೋಸೆಯ ಆಸೆಗೆ ನಾನೂ ಆಗಾಗ ಜೊತೆಗೆ ಹೋಗುತ್ತಿದ್ದೆ.

ಅಕ್ಕನಿಗೆ ಏನೋ ಆಗಿದೆಯೆಂದು ಅವರಿಗೆ ಗೊತ್ತಾದದ್ದು ಆ ಹೂವಿನಿಂದ. ಒಂದು ಶುಕ್ರವಾರ ಆಕೆ ಹೂವನ್ನು ಮುಡಿಯದೆ ದೇವರ ಪಟಕ್ಕೆ ಹಾಕಿದರು. ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರ ತಲೆಯ ಮೇಲೆ ಸೆರಗು ಬಂದಿತ್ತು. ನಮ್ಮ ಕರಾವಳಿಯ ಹೆಂಗಸರು ಸೆರಗು ಹೊದೆಯುವುದುಂಟೇ ಎಂದು ಅವರು ವಾಪಸು ಬರುವಾಗ ರೈಲಿನಲ್ಲಿ ಮತ್ತೆ ಮತ್ತೆ ಕೇಳಿದರು. ನನಗೆ ಹೊಳೆಯಲಿಲ್ಲ. ಅವರಿಗೆ ಹೊಳೆದಿತ್ತು, ಆದರೆ ಬಾಯಿಬಿಟ್ಟು ಹೇಳಲು ಧೈರ್ಯ ಬಂದಿರಲಿಲ್ಲ.

ಮುಂದಿನ ಸಲ ಕೈಕಾಲು ತೊಳೆಯಲು ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಬಾಟಲಿ ಇತ್ತು. ಒಳಗೆ ಕಪಾಟಿನ ತುಂಬ ಅದೇ ಬಾಟಲಿಗಳು. ದಾವಣಗೆರೆಯ ಮೇಷ್ಟರ ಎಣ್ಣೆ. ಅವರು ಏನೂ ಕೇಳದೆ ಅಕ್ಕನ ಸೆರಗನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ನಾನು ನೋಡಬಾರದಿತ್ತು, ನೋಡಿದೆ. ನೆತ್ತಿಯ ಮೇಲೆ ಅಲ್ಲಲ್ಲಿ ನಾಣ್ಯದಗಲ ಕೂದಲು ಹೋಗಿ ಚರ್ಮ ಕೆಂಪೇರಿತ್ತು, ಒಂದು ಕಡೆ ಸಣ್ಣ ಬೊಕ್ಕೆಗಳು ಎದ್ದು ಒದ್ದೆಯಾಗಿತ್ತು. ಉರಿಯುವುದಿಲ್ಲವಾ ಎಂದು ಕೇಳಿದರು. ಉರಿದರೆ ಬೇರು ಬಿಡುತ್ತಿದೆ ಎಂದು ಅರ್ಥವಂತೆ, ಫೋನಿನಲ್ಲಿ ಹೇಳಿದರು ಎಂದು ಅಕ್ಕ ಸಮಾಧಾನದಿಂದಲೇ ಉತ್ತರ ಕೊಟ್ಟರು.

ಇದೆಲ್ಲ ಮೋಸ ಎಂದು ಅವರು ಕೂತು ಬಿಡಿಸಿ ಹೇಳಿದರು. ನನಗೆ ಹೇಳಿದ್ದನ್ನೆಲ್ಲ ಹೇಳಿದರು. ಅಕ್ಕ ಕೇಳಿಸಿಕೊಂಡು ಮುಗುಳ್ನಕ್ಕರು. ದನಿ ಬದಲಾಯಿಸಿದರೆ ತನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ ಎಂದರು. ಮಾತು ಶುರುಮಾಡುವ ಮೊದಲು ಇವರು ಮೂಗಿನಲ್ಲಿ ಒಂದು ಚೂರು ಉಸಿರು ಎಳೆಯುವುದುಂಟು, ಅಷ್ಟರಲ್ಲೇ ಆಕೆಗೆ ಗುರುತು ಹತ್ತಿತ್ತು. ಹೆಸರು, ಊರು ಕಂಪನಿಯವರು ಬದಲಾಯಿಸಿದ್ದಾರೆ, ಇರಲಿ, ಅನುಭವ ನಿನ್ನದೇ ಅಲ್ಲವಾ ಎಂದರು. ಅದಕ್ಕೆ ಆಕೆಯ ಬಳಿ ಸಾಕ್ಷಿಯೂ ಇತ್ತು.

"ನಿನ್ನ ಎರಡು ಸುಳಿ ನನಗೆ ಗೊತ್ತಿಲ್ವಾ ಮಾರಾಯ? ಎಷ್ಟು ಸಲ ಮೀಯಿಸಿದ್ದೇನೆ ಆ ತಲೆಯನ್ನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ನಿನ್ನ ತಲೆ ಹಾಗುಂಟು, ನನ್ನದು ಹೀಗುಂಟು. ನೀನು ಹಚ್ಚಿದ್ದನ್ನು ನಾನು ಹಚ್ಚಿದ್ರೆ ತಪ್ಪೆಂತ?"

ಇವರ ಬಾಯಿಂದ ಮಾತು ಹೊರಡಲಿಲ್ಲ. ಅವತ್ತು ಮೌನದ ದಿನವೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ವಾರಗಟ್ಟಲೆ ಇದೇ ಜಗ್ಗಾಟ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಕೋರ್ಸು ಮುಗಿಯಲಿ ಎನ್ನುವರು ಅಕ್ಕ. ಬಾಟಲಿ ಎಸೆದು ಬಂದರೆ ಮತ್ತೆ ತರಿಸಿಕೊಳ್ಳುವರು. ಕಂಪನಿಯ ಗುಟ್ಟು ಕಾಪಾಡಲು ತಮ್ಮ ಹೀಗೆ ಹೇಳುತ್ತಿದ್ದಾನೆ, ಪಾಪ, ಅವನ ಕೆಲಸಕ್ಕೆ ತೊಂದರೆಯಾಗಬಾರದು ಎಂದು ನನ್ನ ಹತ್ತಿರ ಗುಟ್ಟಾಗಿ ಹೇಳಿದರು. ನಿಮ್ಮ ತಲೆಗೂ ಹಚ್ಚಿ ಎಂದು ಒಂದು ಬಾಟಲಿ ಕೊಡಲು ಬಂದರು. ಒದ್ದೆ ಜಾಗ ಹಬ್ಬುತ್ತಿತ್ತು. ಬೇರು ಒಮ್ಮೆ ಸತ್ತರೆ ಯಾರಿಂದಲೂ ಆಗುವುದಿಲ್ಲ ಎಂದು ಇವರು ತಿಳಿದವರ ಹತ್ತಿರ ವಿಚಾರಿಸಿಕೊಂಡು ಬಂದಿದ್ದರು. ಮೆಸ್ಸಿನಲ್ಲಿ ಅನ್ನದ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಸಾವಿರಾರು ಜನ ತನ್ನ ಮಾತು ನಂಬಿ ಆ ಎಣ್ಣೆ ಕೊಂಡರು, ಸ್ವಂತ ಅಕ್ಕ ಮಾತ್ರ ತನ್ನ ಮಾತು ನಂಬುವುದಿಲ್ಲ ಎಂದರು ಒಂದು ದಿನ. ಸಾವಿರಾರು ಅಕ್ಕಂದಿರು ಇದ್ದಾರಲ್ಲ ಎಂದು ನನಗೆ ಆಗ ಅನಿಸಿತು. ಅವರಿಗೂ ಅನಿಸಿದ್ದು ಮುಖದಲ್ಲೇ ಕಾಣುತ್ತಿತ್ತು.

ಆಮೇಲೊಂದು ಶುಕ್ರವಾರ. ರಜೆ ಹಾಕಿ ಜೊತೆಗೆ ಬನ್ನಿ ಎಂದು ಹಿಂದಿನ ದಿನವೇ ಹೇಳಿದ್ದರು. ಬಾಗಿಲು ತೆರೆದರೆ ಎದುರು ರೂಮಿನಲ್ಲಿ ಬೇರೆ ಯಾರೋ ನಿಂತ ಹಾಗಾಯಿತು. ತಲೆ ನುಣ್ಣಗೆ ಬೋಳಿಸಿಕೊಂಡಿದ್ದರು. ಹುಬ್ಬಿನ ಮೇಲೆ ಬಿಳಿಚಿಕೊಂಡ ಚರ್ಮ, ಕಿವಿಗಳು ಒಮ್ಮೆಲೇ ದೊಡ್ಡವಾಗಿದ್ದವು. ನೋಡಲು ಸಂಕಟವಾಗುವಷ್ಟು ಬರಿದಾಗಿ ಕಂಡರು. ಕೆಳಗೆ ವಾಚ್‌ಮನ್ "ಎನ್ನ ಸಾರ್, ತಿರುಪತಿಯಾ?" ಎಂದ. ಹೂವಿನವಳೂ ಅದನ್ನೇ ಕೇಳಿದಳು. ರೈಲಿನಲ್ಲಿ ಯಾರೋ ಪ್ರಸಾದದ ಲಾಡು ಸಿಗುತ್ತದೋ ಎಂಬಂತೆ ನೋಡಿದರು. ಎಲ್ಲರಿಗೂ ಇವರು ಹೌದೆಂದು ತಲೆಯಾಡಿಸಿದರು.

ಅಕ್ಕ ಹಾಗೆ ಕೇಳಲಿಲ್ಲ. ಹತ್ತಿರದವರು ಹೋದಾಗ ಮಾತ್ರ ತಲೆ ಬೋಳಿಸುವ ಮನೆ ಅವರದು. ತಿರುಪತಿಗೆ ಮುಡಿ ಕೊಡುವ ಸ್ವಭಾವದವನಲ್ಲ ತಮ್ಮ ಎಂಬುದೂ ಆಕೆಗೆ ಗೊತ್ತು. ಬಾಗಿಲು ತೆಗೆದವರು ಚೌಕಟ್ಟು ಹಿಡಿದುಕೊಂಡರು, ಸೆರಗು ತಾನಾಗಿಯೇ ಜಾರಿತು.

"ಯಾರು ಹೋದದ್ದು? ನಂಗೆ ಹೇಳದೆ ಯಾರು ಹೋದದ್ದು ಮಾರಾಯ?"

"ಟಿವಿಯಲ್ಲಿ ಮಾತಾಡ್ತಿದ್ದನಲ್ಲ, ದಾವಣಗೆರೆಯ ಮೇಷ್ಟ್ರು, ಅವ ಹೋದ" ಎಂದರು ಇವರು. "ನಾನೊಬ್ಬ ಉಳಿದದ್ದು. ನನ್ನ ಮಾತು ಕೇಳ್ತೀಯಾ ಈಗ?"

ಇವರು ಹೊಸ್ತಿಲಲ್ಲೇ ಕೂತು ಆಕೆಗೆ ಬೆನ್ನು ಮಾಡಿ ತಲೆ ಬಗ್ಗಿಸಿದರು. ಇದಕ್ಕೆ ಏನೂ ಹಚ್ಚುವುದಿಲ್ಲ, ಕೊಬ್ಬರಿ ಎಣ್ಣೆಯನ್ನು ಸಹ, ಪ್ರತಿ ಶುಕ್ರವಾರ ಬರುತ್ತೇನೆ, ನೀನೇ ಮುಟ್ಟಿ ನೋಡು, ಬಂದರೆ ತಾನಾಗಿಯೇ ಬರುವುದು, ಅಪ್ಪನ ಕಡೆಯಿಂದ ಬಂದ ಕೂದಲು ಇದು, ಬಾಟಲಿಯಿಂದ ಬಂದದ್ದಲ್ಲ ಎಂದರು. ಅಕ್ಕ ಬಗ್ಗಿ ಅಂಗೈಯನ್ನು ಆ ಬೋಳುತಲೆಯ ಮೇಲಿಟ್ಟರು. ಚಿಕ್ಕಂದಿನಲ್ಲಿ ಮೀಯಿಸುವಾಗ ಇಟ್ಟಂತೆಯೇ ಇಟ್ಟಿರಬೇಕು. ಇಬ್ಬರೂ ಅಳುತ್ತಿದ್ದರು. ನಾನು ಸಂತೆಯ ಕಡೆ ಹೋಗಿ ಬರುತ್ತೇನೆಂದು ಹೊರಟುಬಿಟ್ಟೆ. ಬೇಡದ ಒಂದು ಪ್ಲಾಸ್ಟಿಕ್ ಬಕೆಟ್ಟು ಕೊಂಡು ವಾಪಸು ಬಂದಾಗ ಅಕ್ಕ ಚಪ್ಪಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟು ನಿಂತಿದ್ದರು.

ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಸಿಕ್ಕರು. ತಲೆ ಮುಟ್ಟುವ ಮೊದಲು ಅವರು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಊಟವೇನು, ನಿದ್ದೆ ಹೇಗೆ, ಬೇರೆ ಕಾಯಿಲೆ ಏನಿದೆ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ, ಹಚ್ಚಿದ್ದು ಏನು. ಇವರು ನನ್ನ ಮೊಣಕೈ ತಿವಿದು, ನೋಡಿ, ಮೊದಲು ಕೇಳುತ್ತಿದ್ದಾರೆ, ನಾವು ಮೊದಲೇ ಹೇಳಿಬಿಡುತ್ತಿದ್ದೆವು ಎಂದು ಪಿಸುಗುಟ್ಟಿದರು. ಆಮೇಲೆ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಎಡಗಡೆ ಗಾಯ ಕಲೆಗಟ್ಟಿದೆ, ಅಲ್ಲಿ ಇನ್ನು ಕೂದಲು ಬರುವುದಿಲ್ಲ. ಹಿಂದುಗಡೆಯದನ್ನು ಉಳಿಸಿಕೊಳ್ಳಬಹುದು, ಉಳಿದ ಕಡೆ ಬಂದರೆ ಬರಬಹುದು. ಇನ್ನೂ ತಡ ಮಾಡಿದ್ದರೆ ಅದೂ ಇಲ್ಲ. ಅಕ್ಕನ ಮುಖ ಸಪ್ಪಗಾಯಿತು. ಇವರು ಮಾತ್ರ ಡಾಕ್ಟರಿಗೆ ಎರಡೂ ಕೈ ಜೋಡಿಸಿದರು. ಬರುವುದಿಲ್ಲ ಎಂದು ಹೇಳುವವರನ್ನು ತನ್ನ ಕಸುಬಿನಲ್ಲಿ ಒಮ್ಮೆಯೂ ನೋಡಿರಲಿಲ್ಲ ಎಂದರು ಹೊರಗೆ ಬಂದು.

ಅವತ್ತಿನಿಂದ ಔಷಧದ ಜಾಹೀರಾತಿಗೆ ದನಿ ಕೊಡುವುದನ್ನು ಬಿಟ್ಟರು. ಹಳೆಯದನ್ನು ತೆಗೆದುಹಾಕಿ ಎಂದು ಕೇಳಲು ವಡಪಳನಿಗೆ ಹೋದರು. ದನಿ ಆವಾಗಲೇ ತಮ್ಮದಾಗಿದೆ ಎಂದರಂತೆ ಸ್ಟುಡಿಯೋದವರು. ಎಣ್ಣೆಯ ಹೆಸರಿರುವ ಜಾಗದಲ್ಲಿ ಕತ್ತರಿಸಿ ಹೊಸ ಎಣ್ಣೆಯ ಹೆಸರು ಅಂಟಿಸುವುದು ಕಂಪ್ಯೂಟರಿನಲ್ಲಿ ಬಹಳ ಸುಲಭವಂತೆ, ಇವರು ಬರಬೇಕಾಗಿಯೂ ಇಲ್ಲವಂತೆ. ಇವರು ಮ್ಯಾನ್ಷನ್ನಿಗೆ ಬಂದು ಮಂಚದ ಮೇಲೆ ಕೂತರು. ತಾನು ಬಿಟ್ಟರೂ ಆ ಮೇಷ್ಟ್ರು ಬಿಡುವುದಿಲ್ಲ ಮಾರಾಯ್ರೇ ಎಂದರು.

ಕೆಲಸ ಕಡಿಮೆಯಾಯಿತು. ಗಂಟಲು ಎತ್ತಿಡುವ ಅಗತ್ಯ ಇನ್ನಿರಲಿಲ್ಲ, ಆದರೂ ಬೆಳಗಿನ ಮೌನ ಬಿಡಲಿಲ್ಲ. ಯಾರ ಜೊತೆ ಆಡುವುದು? ಅಷ್ಟರಲ್ಲಿ ನಾನು ಮದುವೆಯಾಗಿ ಬೇರೆ ಮನೆ ಮಾಡಿದ್ದೆ. ಯಾವಾಗಲಾದರೂ ಹೋದರೆ ಮರೀನಾದ ಕಡೆ ನಡೆಯುತ್ತಿದ್ದೆವು. ಮರಳಿನ ಮೇಲೆ ಬೇರೆಯವರ ಮಕ್ಕಳು ಆಡುವುದನ್ನು ನೋಡುತ್ತ ಕೂರುತ್ತಿದ್ದರು. ವಾರದಲ್ಲಿ ಒಂದು ದಿನ ಮಾತ್ರ ಅವರಿಗೆ ಹೋಗಲು ಜಾಗವಿತ್ತು. ಶುಕ್ರವಾರ ಹೂವು ಹಿಡಿದು ಬಾಗಿಲಲ್ಲಿ ತಲೆ ಬಗ್ಗಿಸುವುದು, ಅಕ್ಕ ಅಂಗೈಯಿಂದ ಸವರಿ ನೋಡುವುದು. ಮೊದಲು ಮುಳ್ಳುಮುಳ್ಳು, ಆಮೇಲೆ ಚಿಗುರು, ಆಮೇಲೆ ಮೊದಲಿನಷ್ಟೇ ದಟ್ಟ. ಎರಡು ಸುಳಿಯೂ ಇದ್ದಲ್ಲೇ ಇದ್ದವು. ಕೂದಲೆಲ್ಲ ಬಂದ ಮೇಲೂ ಆ ಪದ್ಧತಿ ನಿಲ್ಲಲಿಲ್ಲ. ಅವರನ್ನು ಮುಟ್ಟುವವರು ಈ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಹೋದದ್ದು ನಿದ್ದೆಯಲ್ಲಿ. ಬಾಗಿಲು ಎಂದಿನ ಹಾಗೆ ತೆರೆದೇ ಇತ್ತಂತೆ. ಬೆಳಿಗ್ಗೆ ಕರೆದವರು ಅವರು ಉತ್ತರ ಕೊಡದಿದ್ದಾಗ ಇವತ್ತು ರೆಕಾರ್ಡಿಂಗ್ ಇರಬೇಕು ಎಂದುಕೊಂಡು ಮುಂದೆ ಹೋದರಂತೆ. ಮಧ್ಯಾಹ್ನ ದಾಟಿದ ಮೇಲೂ ಮಾತಾಡದಿದ್ದಾಗ ಒಳಗೆ ಹೋಗಿ ನೋಡಿದರು.

ಮೊನ್ನೆ ರೈಲಿಳಿದು ಅಕ್ಕನ ಮನೆ ಮುಟ್ಟಿದಾಗ ನನ್ನ ಕೈಯಲ್ಲಿ ಒಂದು ಮೊಳ ಮಲ್ಲಿಗೆ ಇತ್ತು. ಅಕ್ಕನ ತಲೆಯ ಮೇಲೆ ಸೆರಗಿರಲಿಲ್ಲ. ಎಡಗಡೆ ಡಾಕ್ಟರು ಹೇಳಿದಂತೆ ನುಣ್ಣಗೇ ಉಳಿದಿದೆ, ಹಿಂದುಗಡೆ ಚಿಕ್ಕದೊಂದು ಗಂಟು ಕಟ್ಟುವಷ್ಟು ಬಂದಿದೆ. ಹೂವನ್ನು ಎರಡು ಮಾಡಿ ಅರ್ಧವನ್ನು ತಮ್ಮನ ಫೋಟೋಗೆ ಹಾಕಿದರು, ಉಳಿದರ್ಧವನ್ನು ಪಿನ್ನು ಹಾಕಿ ಮುಡಿದರು. ಕಾಫಿ ಕೊಟ್ಟರು. ಆಮೇಲೆ ಗೋಡೆಯ ಗಡಿಯಾರ ನೋಡಿ ಟಿವಿ ಹಚ್ಚಿದರು. ಏನೋ ಧಾರಾವಾಹಿ ಇರಬೇಕೆಂದುಕೊಂಡೆ.

ಧಾರಾವಾಹಿಯಲ್ಲ. ಎಣ್ಣೆಯ ಹೆಸರು ಬೇರೆ, ಬಾಟಲಿಯ ಬಣ್ಣ ಬೇರೆ. ಮೂಗಿನಲ್ಲಿ ಒಂದು ಚೂರು ಉಸಿರೆಳೆದ ಸದ್ದಾಯಿತು. ದಾವಣಗೆರೆಯ ಮೇಷ್ಟರು ಮಾತಾಡಿದರು. ಪರದೆಯ ಮೇಲೆ ಎರಡು ಸುಳಿಯ ತಲೆ ಮೆಲ್ಲಗೆ ಮೂಡಿತು. ಆರಿಸಲೇ ಎಂದು ಕೇಳಿದೆ. ಅಕ್ಕ ಬೇಡವೆಂದು ಕೈಯಾಡಿಸಿದರು. ಅವನ ದನಿ ಬೇರೆಲ್ಲೂ ಇಲ್ಲ, ಫೋನಿನಲ್ಲಿ ಹುಡುಕಿಸಿದೆ, ಒಂದು ಮಾತೂ ಸಿಗಲಿಲ್ಲ ಎಂದರು.

"ನನ್ನ ಮಾತು ನಂಬಿ" ಎಂದರು ಟಿವಿಯಲ್ಲಿ ಅವರು.

"ಎಲ್ಲ ಸುಳ್ಳು ಹೇಳೂದು ನೋಡಿ ಇವ" ಎಂದರು ಅಕ್ಕ. ರಿಮೋಟು ಎತ್ತಿಕೊಂಡು ದನಿ ಜೋರು ಮಾಡಿದರು.